ಮೊದಲ ವೋಟಿಗೆ ಯಾರ ಜೊತೆ ಹೋದಿರಿ?

ಈಗಿನ ಹುಡುಗರಿಗೆ ವೋಟು ಅಂದರೆ ಬೇಜಾರು ಅಂತ ಪ್ರತಿ ಚುನಾವಣೆಯಲ್ಲೂ ಬೈಗುಳ ಶುರುವಾಗುತ್ತದೆ. ನನಗಂತೂ ಈ ಮಾತು ಒಪ್ಪಿಗೆಯಿಲ್ಲ. ಮನಸ್ಸಿಲ್ಲದ್ದಕ್ಕಿಂತ ಜಾಸ್ತಿ, ಊರು ಬಿಟ್ಟು ಬಂದಿರೋದು ಇಲ್ಲಿ ಕೆಲಸ ಮಾಡುತ್ತದೆ.

ಡೆನ್ಮಾರ್ಕಿನಲ್ಲಿ ಸಂಶೋಧಕರು ಮತಗಟ್ಟೆಗೆ ಯಾರು ಬಂದರು, ಯಾರು ಬರಲಿಲ್ಲ ಅನ್ನೋ ದಾಖಲೆಗಳನ್ನೇ ತೆಗೆದು ನೋಡಿದರು. ಆಗಷ್ಟೇ 18 ತುಂಬಿದವರು 19ರವರಿಗಿಂತ ಹೆಚ್ಚಾಗಿ ವೋಟು ಹಾಕಿದ್ದರು. ಒಂದೇ ವರ್ಷದಲ್ಲಿ ಆಸಕ್ತಿ ಬತ್ತಿಹೋಗುತ್ತಾ? 18ರವರಲ್ಲಿ ಹೆಚ್ಚಿನವರು ಇನ್ನೂ ಅಪ್ಪ ಅಮ್ಮನ ಜೊತೆ ಇರುತ್ತಾರೆ, ಅವರು ಹೊರಟಾಗ ಇವರೂ ಚಪ್ಪಲಿ ಹಾಕಿಕೊಳ್ಳುತ್ತಾರೆ. ಮನೆ ಬಿಟ್ಟ ಮೇಲೆ "ಏಳು, ಹೋಗೋಣ" ಅನ್ನುವವರು ಯಾರೂ ಇರೋದಿಲ್ಲ. 2007ರಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿದ ಆಸ್ಟ್ರಿಯಾದಲ್ಲೂ ಹೀಗೇ: ವಿಯೆನ್ನಾದ ಚುನಾವಣೆಯಲ್ಲಿ 16–17ರ ಮಕ್ಕಳು 18ರಿಂದ 20ರವರನ್ನು ಹಿಂದೆ ಹಾಕಿದರು.

ಮೊದಲ ಸಲ ತಪ್ಪಿದರೆ ಏನಂತೆ, ಮುಂದಿನ ಸಲ ಹಾಕಿದರಾಯ್ತು ಅಂತೀರಾ? ವೋಟು ಹಾಕೋದೂ ಒಂದು ರೂಢಿ. 1998ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಸಂಶೋಧಕರು ಸುಮ್ನೆ ಚೀಟಿ ಎತ್ತಿದ ಹಾಗೆ ಕೆಲವು ಮನೆಗಳನ್ನು ಆರಿಸಿ, ಅಲ್ಲಿನವರಿಗೆ ವೋಟು ಹಾಕಿ ಅಂತ ಕೇಳಿಕೊಂಡರು. ಅವರು ಬೇರೆಯವರಿಗಿಂತ ಹೆಚ್ಚಾಗಿ ಹೋದರು. ಮರುವರ್ಷದ ನಗರ ಚುನಾವಣೆಯಲ್ಲೂ ಅದೇ ಜನ ಮುಂದಿದ್ದರು.

ಈಗ ಬೆಂಗಳೂರಿನ ಒಂದು ಪಿಜಿ ನೆನೆಸಿಕೊಳ್ಳಿ. ಹುಡುಗಿಗೆ 19, ಹೆಸರಿರೋದು ಕೊಪ್ಪಳದ ಪಟ್ಟಿಯಲ್ಲಿ, ಮತದಾನದ ಮರುದಿನ ಕೆಲಸ. ರಾತ್ರಿ ಬಸ್ಸಿಗೆ ಸೀಟು ಸಿಗಬೇಕು, ಮತ್ತೆ ಅದೇ ರಾತ್ರಿ ವಾಪಸ್ ಬರಬೇಕು. ವಿಳಾಸ ಬದಲಿಸೋಕೆ ಫಾರಂ 8 ಅಂತ ಇದೆ ಅನ್ನೋದನ್ನು ಅವಳಿಗೆ ಯಾರೂ ಹೇಳಿಲ್ಲ. ಇವಳನ್ನು ಸೋಮಾರಿ ಅನ್ನೋದು ಅನ್ಯಾಯ ಅಲ್ವಾ? 17 ತುಂಬಿದರೆ ಸಾಕು, ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸೋ ಫಾರಂ 6 ಮೊದಲೇ ಕೊಟ್ಟಿಡಬಹುದು. ಈ ಕೆಲಸ ಪಿಯು ಕಾಲೇಜಿನಲ್ಲೇ, ಮಕ್ಕಳು ಊರು ಬಿಡೋ ಮುಂಚೆಯೇ ಆಗಬೇಕು.

ವೋಟಿನಿಂದ ಏನಾದರೂ ಆಗುತ್ತದೆ ಅನ್ನೋ ನಂಬಿಕೆ ಹುಟ್ಟೋದು ಇನ್ನೂ ಚಿಕ್ಕ ವಯಸ್ಸಿನಲ್ಲೇ. ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಆರನೇ ಕ್ಲಾಸಿನ ಹುಡುಗಿ ಎದ್ದು ನಿಂತು, ಮೈಕು ಗಟ್ಟಿಯಾಗಿ ಹಿಡಿದು, ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಅನ್ನುತ್ತಾಳೆ, ಪಿಡಿಒ ಬರೆದುಕೊಳ್ಳುತ್ತಾರೆ. ಆ ಮಗುವಿಗೆ ಪ್ರಜಾಪ್ರಭುತ್ವ ಅಂದರೆ ಆ ನಲ್ಲಿಯೇ. ಮುಂದಿನ ವರ್ಷದ ಸಭೆಯಲ್ಲಿ ಭಾಷಣಕ್ಕಿಂತ ಮೊದಲು ಹೋದ ವರ್ಷ ಮಕ್ಕಳು ಹೇಳಿ ಬರೆಸಿದ್ದ ಪಟ್ಟಿಯನ್ನು ಓದಿ, ಎಷ್ಟು ಕೆಲಸ ಆಯ್ತು, ಎಷ್ಟು ಆಗಲಿಲ್ಲ ಅಂತ ಮಕ್ಕಳ ಮುಂದೆ ಹೇಳಲಿ.