ಹೆರಿಗೆಯ ನಂತರದ ಮಾಸು ಹೇಳಬಲ್ಲದ್ದು, ಹೇಳಲಾರದ್ದು

ಗರ್ಭಿಣಿಯರಲ್ಲಿ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಎಂಬ ರೋಗದ ಕುರಿತ ಸಂಶೋಧನಾ ಪ್ರಸ್ತಾವಗಳನ್ನು ಪರಿಶೀಲಿಸುವ ಕೆಲಸ ನನಗೆ ಆಗಾಗ ಬರುತ್ತದೆ. ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ರೋಗವಿದ್ದ ತಾಯಂದಿರ ಮಾಸನ್ನೂ (ಪ್ಲಾಸೆಂಟಾ) ಇಲ್ಲದವರ ಮಾಸನ್ನೂ ಹೆರಿಗೆಯಾದ ಮೇಲೆ ಸಂಗ್ರಹಿಸಿ, ಎರಡರಲ್ಲಿ ಬೇರೆಬೇರೆಯಾಗಿ ವರ್ತಿಸುವ ಜೀನ್‌ಗಳನ್ನು ಪಟ್ಟಿ ಮಾಡಿ, ಆ ಪಟ್ಟಿಗೆ ‘ರೋಗದ ಕಾರಣಗಳು’ ಎಂಬ ಹೆಸರಿಡುತ್ತಾರೆ. ನನ್ನ ತಕರಾರು ಇರುವುದು ಆ ಹೆಸರಿನ ಬಗ್ಗೆ.

ಗರ್ಭದ ಆರಂಭದ ತಿಂಗಳುಗಳಲ್ಲಿ ಮಾಸಿನ ಟ್ರೋಫೋಬ್ಲಾಸ್ಟ್ ಎಂಬ ಕೋಶಗಳು ಗರ್ಭಕೋಶದ ಒಳಪದರವನ್ನು ಹೊಕ್ಕು, ಮಾಸಿಗೆ ತಾಯಿಯ ರಕ್ತ ತರುವ ಸುರುಳಿ ಅಪಧಮನಿಗಳ ಗೋಡೆಯ ಸ್ನಾಯುವನ್ನು ಕರಗಿಸಿ, ಅವುಗಳನ್ನು ಅಗಲವಾದ ನಾಳಗಳಾಗಿ ಮಾರ್ಪಡಿಸುತ್ತವೆ. ಮೊದಲಿಗೆ ಅದೇ ಕೋಶಗಳು ಆ ನಾಳಗಳ ಬಾಯಿಯನ್ನು ಮುಚ್ಚಿಕೊಂಡಿರುತ್ತವೆ; ಆ ಬಾಯಿ ತೆರೆದುಕೊಂಡಂತೆ, 8ನೇ ವಾರದಲ್ಲಿ ಪಾದರಸದ ಸುಮಾರು 20 ಮಿ.ಮೀ. ಇದ್ದ ಮಾಸಿನೊಳಗಿನ ಆಮ್ಲಜನಕದ ಒತ್ತಡ 12ನೇ ವಾರದ ವೇಳೆಗೆ 50 ದಾಟುತ್ತದೆ. ಬೇಗ ಕಾಣಿಸಿಕೊಳ್ಳುವ ಪ್ರಿಎಕ್ಲಾಂಪ್ಸಿಯಾದಲ್ಲಿ ಎಡವಟ್ಟಾಗುವುದು ಬಹುಶಃ ಈ ಹಂತದಲ್ಲಿಯೇ. ಆದರೆ ರಕ್ತದೊತ್ತಡ 140/90ಕ್ಕೆ ಏರುವುದು 20 ವಾರಗಳ ನಂತರ, ಮಾಸು ಪ್ರಯೋಗಾಲಯಕ್ಕೆ ಬರುವುದು ಇನ್ನೂ ಎಷ್ಟೋ ವಾರಗಳ ನಂತರ. ಅಷ್ಟರಲ್ಲಿ ಅದು ಕುಂಠಿತ ರಕ್ತಪೂರೈಕೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮೂಲದ ದೋಷ, ಅದರಿಂದಾದ ಹಾನಿ, ಹಾನಿಯನ್ನು ಸರಿದೂಗಿಸಲು ಅಂಗವೇ ಮಾಡಿಕೊಂಡ ಏರ್ಪಾಡು, ತಾಯಿಗೆ ಕೊಟ್ಟ ಔಷಧಗಳ ಪರಿಣಾಮ, ಇಷ್ಟೂ ಒಂದೇ ಪಟ್ಟಿಯಲ್ಲಿ ಕಲೆತು ಕೂತಿರುತ್ತವೆ. ಯಾವುದು ಯಾವುದೆಂದು ಪಟ್ಟಿ ಹೇಳುವುದಿಲ್ಲ.

ಹೆರಿಗೆ ನೋವು ಕೂಡ ಮಾಸನ್ನು ಬದಲಿಸುತ್ತದೆ, ಏಕೆಂದರೆ ಗರ್ಭಕೋಶ ಸಂಕುಚಿಸಿದಾಗಲೆಲ್ಲ ರಕ್ತದ ಹರಿವು ಕಡಿತವಾಗಿ ಮರಳುತ್ತದೆ. ಚುರುಕಿನ ವಿದ್ಯಾರ್ಥಿನಿಯೊಬ್ಬಳು ಬಹಳ ಅಚ್ಚುಕಟ್ಟಾದ ಫಲಿತಾಂಶ ತಂದಿದ್ದಳು. ನೋವು ಬಂದು ಹೆತ್ತವರು ಯಾವ ಗುಂಪಿನಲ್ಲಿದ್ದಾರೆ ಎಂದು ಕೇಳಿದೆ. ಒಂದು ಗುಂಪಿನವರಿಗೆಲ್ಲ ನೋವು ಬರುವ ಮೊದಲೇ ಸಿಸೇರಿಯನ್ ಆಗಿತ್ತು, ಇನ್ನೊಂದರಲ್ಲಿ ಬಹುತೇಕ ಸಹಜ ಹೆರಿಗೆ. ಪಾಪ, ಮುಖ ಬಾಡಿತು; ಆದರೂ ಮರುದಿನವೇ ಲೆಕ್ಕವನ್ನು ಹೊಸದಾಗಿ ಮಾಡಲು ಕೂತಳು. ಪಟ್ಟಿ ಚಿಕ್ಕದಾಯಿತು, ನಂಬಿಕೆಗೆ ಹೆಚ್ಚು ಅರ್ಹವಾಯಿತು. ಇನ್ನು ಹೋಲಿಕೆಗೆಂದು, ಈ ರೋಗವಿಲ್ಲದೆ 30ನೇ ವಾರದಲ್ಲಿ ಹೆತ್ತವರನ್ನು ‘ಆರೋಗ್ಯವಂತರ ಗುಂಪು’ ಎನ್ನುವವರಿಗೆ ಏನು ಹೇಳಲಿ? ಅಷ್ಟು ಬೇಗ ಹೆರಿಗೆಯಾಗಲು ಅಲ್ಲಿಯೂ ಏನೋ ತೊಂದರೆ, ಅನೇಕ ಬಾರಿ ಸೋಂಕು, ಇದ್ದೇ ಇರುತ್ತದೆ.

ಹೆತ್ತ ಮೇಲಿನ ಮಾಸು ನಿರುಪಯುಕ್ತ ಎಂದು ನಾನು ಹೇಳುತ್ತಿಲ್ಲ. ಎಸ್‌ಎಫ್‌ಎಲ್‌ಟಿ-1 ಎಂಬ, ಹೊಸ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಪ್ರೋಟೀನಿನ ಸುಳಿವು ಸಿಕ್ಕಿದ್ದು ಅಂಥ ಮಾಸಿನಲ್ಲಿಯೇ. ಆದರೆ 2003ರಲ್ಲಿ ಅದನ್ನು ವರದಿ ಮಾಡಿದವರು ಪಟ್ಟಿಗೆ ನಿಲ್ಲದೆ, ಗರ್ಭಿಣಿ ಇಲಿಗಳಲ್ಲಿ ಅದೇ ಪ್ರೋಟೀನನ್ನು ಹೆಚ್ಚಿಸಿ ರಕ್ತದೊತ್ತಡ ಏರುವುದನ್ನು ತೋರಿಸಿದರು. ಗರ್ಭದ ಅವಧಿಯಲ್ಲಿ ತೆಗೆದಿಟ್ಟಿದ್ದ ರಕ್ತವನ್ನು ಪರೀಕ್ಷಿಸಿ, ರೋಗಲಕ್ಷಣಕ್ಕೆ ಸುಮಾರು 5 ವಾರ ಮೊದಲೇ ಅದು ಏರತೊಡಗುತ್ತದೆ ಎಂದು 2004ರಲ್ಲಿ ಪ್ರಕಟವಾಯಿತು. ಅಷ್ಟಾದರೂ ಅದು ಸರಪಳಿಯ ನಡುವಿನ ಕೊಂಡಿ, ಮೊದಲನೆಯದಲ್ಲ.

ಆರಂಭವನ್ನು ನೋಡಬೇಕೆನ್ನುವವರು, 11ರಿಂದ 13ನೇ ವಾರದಲ್ಲಿ ಬೇರೆ ಕಾರಣಕ್ಕೆ ಮಾಸಿನ ತುಣುಕಿನ ಪರೀಕ್ಷೆ ಮಾಡಿಸಿಕೊಂಡವರ ಒಪ್ಪಿಗೆ ಪಡೆದು, ಉಳಿದ ಅಂಗಾಂಶವನ್ನು ಕಾಯ್ದಿಟ್ಟು, ಹೆರಿಗೆಯವರೆಗೂ ಅವರನ್ನು ಹಿಂಬಾಲಿಸಬಹುದು. 2018ರಿಂದ, ಪ್ರಯೋಗಾಲಯದಲ್ಲಿ ಬೆಳೆಸಿದ ಮಾಸಿನ ಕಿರುಮಾದರಿಗಳಾದ ಮಾನವ ಟ್ರೋಫೋಬ್ಲಾಸ್ಟ್ ಆರ್ಗನಾಯ್ಡ್‌ಗಳೂ ಲಭ್ಯವಿವೆ, ತಾಯಿಯ ರಕ್ತದ ಹರಿವು ಅವುಗಳಲ್ಲಿ ಇರುವುದಿಲ್ಲವಾದರೂ. ಇದಾವುದೂ ಸಾಧ್ಯವಿಲ್ಲದಿದ್ದರೆ ಬೇಡ. ಪ್ರತಿ ಮಾಸಿನ ಎದುರು ಎಷ್ಟನೇ ವಾರದ ಹೆರಿಗೆ, ನೋವು ಬಂದಿತ್ತೇ, ತುಣುಕನ್ನು ಯಾವ ಭಾಗದಿಂದ ಎಷ್ಟು ನಿಮಿಷದೊಳಗೆ ತೆಗೆದರು ಎಂಬುದನ್ನು ಬರೆದು, ಶೀರ್ಷಿಕೆಯಲ್ಲಿ ‘ಕಾರಣ’ ಎಂದಿರುವಲ್ಲಿ ‘ಸಂಬಂಧ’ ಎಂದು ತಿದ್ದಿ ಕಳುಹಿಸಿದರೂ ನಾನು ಸಹಿ ಹಾಕುತ್ತೇನೆ.