ಖಾಲಿ ಉತ್ತರವೂ ದೋಷವೇ

ಎಲಿಮೆಂಟ್‌ಗಳೆಂಬ ಹೆಸರಿಟ್ಟ ಘಟಕಗಳಲ್ಲಿ ದತ್ತಾಂಶವನ್ನಿಡುವ ಎಕ್ಸ್‌ಎಂಎಲ್ ದಾಖಲೆಗಳೊಡನೆ ಕೆಲಸ ಮಾಡುವವರು ಎಡಿಟರ್ ಎಳೆಯುವ ಕೆಂಪು ಗೆರೆಯನ್ನು ಅಗತ್ಯಕ್ಕಿಂತ ಹೆಚ್ಚು ನಂಬುತ್ತಾರೆ. ಮುಚ್ಚದ ಆವರಣ, ಘೋಷಿಸದ ವೇರಿಯಬಲ್, ಇಲ್ಲದ ಫಂಕ್ಷನ್ ಇವೆಲ್ಲ, ಇಂಥ ದಾಖಲೆಯಿಂದ ಬೇಕಾದ ಭಾಗಗಳನ್ನು ಆರಿಸುವ ಭಾಷೆಯಾದ ಎಕ್ಸ್‌ಪಾಥ್‌ನ 2.0 ಆವೃತ್ತಿಯ ಪ್ರಕಾರ ಸ್ಥಿರ ದೋಷಗಳಾದ್ದರಿಂದ, ದತ್ತಾಂಶವನ್ನು ಮುಟ್ಟುವ ಮೊದಲೇ ಸಿಕ್ಕಿಬೀಳುತ್ತವೆ. ನನ್ನನ್ನು ದಿನಗಟ್ಟಲೆ ಕಾಡಿರುವುದು ಮಾತ್ರ ವ್ಯಾಕರಣವೆಲ್ಲ ಸರಿಯಿದ್ದೂ ಏನನ್ನೂ ಆಯ್ಕೆ ಮಾಡದ ಅಭಿವ್ಯಕ್ತಿಗಳು.

ವ್ಯಾಪಾರ ದಾಖಲೆಗಳ ಎಕ್ಸ್‌ಎಂಎಲ್ ಮಾನದಂಡವಾದ ಯುಬಿಎಲ್ ಮಾದರಿಯ ಇನ್‌ವಾಯ್ಸನ್ನೇ ನೋಡಿ. ಸಾಮಾನ್ಯವಾಗಿ ಅದರ ಮೂಲ ಎಲಿಮೆಂಟ್ 'ಇನ್‌ವಾಯ್ಸ್' ಡಿಫಾಲ್ಟ್ ನೇಮ್‌ಸ್ಪೇಸ್‌ನಲ್ಲಿ (ನೇಮ್‌ಸ್ಪೇಸ್ ಎಂದರೆ ಹೆಸರುಗಳು ಬೆರೆಯದಂತೆ ಕಾಯುವ ಗುಂಪು) ಇರುವುದರಿಂದ, ಗುಂಪನ್ನು ಸೂಚಿಸಲು ಹೆಸರಿನ ಮುಂದೆ ಹಾಕುವ ಪ್ರಿಫಿಕ್ಸ್ ಇಲ್ಲದೆ ಕಾಣುತ್ತದೆ; ಅದರೊಳಗಿನ 'ಐಡಿ' ಬೇರೆ ನೇಮ್‌ಸ್ಪೇಸ್‌ಗೆ ಸೇರಿದ್ದು, 'ಸಿಬಿಸಿ' ಎಂಬ ಪ್ರಿಫಿಕ್ಸ್ ಹೊತ್ತಿರುತ್ತದೆ. ಕಂಡದ್ದನ್ನು ಕಂಡಂತೆಯೇ, ದಾಖಲೆಯನ್ನು ಮಾರ್ಪಡಿಸುವ ಎಕ್ಸ್‌ಎಸ್‌ಎಲ್‌ಟಿ ಭಾಷೆಯ ಸ್ಟೈಲ್‌ಶೀಟ್‌ಗೆ ಇಳಿಸಿದರೆ ಒಂದೇ ಸಾಲಿನಲ್ಲಿ ಎರಡು ತಪ್ಪುಗಳಾಗುತ್ತವೆ. 'ಸಿಬಿಸಿ'ಯನ್ನು ಘೋಷಿಸಿಲ್ಲವೆಂದು, ಸ್ಟೈಲ್‌ಶೀಟನ್ನು ಓಡಿಸುವ ಪ್ರೊಸೆಸರ್ ಕೂಡಲೇ ತಡೆಯುತ್ತದೆ. ಅದನ್ನು ಸರಿಪಡಿಸಿದ ಮೇಲೆ ದೋಷಸಂದೇಶವೇನೋ ಮಾಯವಾಗುತ್ತದೆ, ಆದರೆ ಪ್ರಿಫಿಕ್ಸ್ ಇಲ್ಲದ 'ಇನ್‌ವಾಯ್ಸ್' ಎಂದರೆ ಯಾವ ನೇಮ್‌ಸ್ಪೇಸ್‌ಗೂ ಸೇರದ ಎಲಿಮೆಂಟ್ ಎಂದೇ 1999ರ ಎಕ್ಸ್‌ಪಾಥ್ 1.0 ಕಾಲದಿಂದ ಅರ್ಥವಿರುವುದರಿಂದ, ಉತ್ತರ ಖಾಲಿಯಾಗಿಯೇ ಉಳಿಯುತ್ತದೆ. ಕೆಲವು ಎಡಿಟರ್‌ಗಳ ಹುಡುಕು ಪೆಟ್ಟಿಗೆ ದಾಖಲೆಯ ಡಿಫಾಲ್ಟ್ ನೇಮ್‌ಸ್ಪೇಸನ್ನು ತಾನೇ ಅನ್ವಯಿಸಿಕೊಂಡು ಸರಿಯುತ್ತರ ಕೊಟ್ಟುಬಿಡುತ್ತದೆ; ಅದೇ ಅಭಿವ್ಯಕ್ತಿ ಸ್ಟೈಲ್‌ಶೀಟ್‌ನಲ್ಲಿ ಖಾಲಿ ಉತ್ತರ ಕೊಡುತ್ತದೆ. ಉಪಕಾರವೆಂದು ಮಾಡಿದ್ದು ಹೀಗೆ ಉಪದ್ರವವಾಗುವುದುಂಟು.

ಆದ್ದರಿಂದ ನಾನು ಎಕ್ಸ್‌ಎಸ್‌ಎಲ್‌ಟಿ 2.0 ಅಥವಾ ಅದರ ನಂತರದ ಆವೃತ್ತಿಗಳಲ್ಲಿ ಪ್ರತಿ ವೇರಿಯಬಲ್‌ಗೂ ವಿಧವನ್ನು (ಟೈಪ್) ಬರೆಯುತ್ತೇನೆ. 'ನಿಖರವಾಗಿ ಒಂದು ಎಲಿಮೆಂಟ್' ಎಂದು ಘೋಷಿಸಿದ ಕಡೆ ಖಾಲಿ ಉತ್ತರ ಬಂದರೆ, ತಪ್ಪು ಹತ್ತು ಟೆಂಪ್ಲೇಟ್‌ಗಳಾಚೆ ಮುಖ ತೋರಿಸುವ ಬದಲು ಅಲ್ಲೇ ನಿಲ್ಲುತ್ತದೆ. ದಾಖಲೆಯಲ್ಲಿ ಏನೇನಿರಬಹುದೆಂದು ಹೇಳುವ ಸ್ಕೀಮಾವನ್ನು ಅರಿಯುವ ಪ್ರೊಸೆಸರ್ ಇದ್ದು, ಸ್ಕೀಮಾದ ವಿಧಗಳನ್ನೇ ಬಳಸಿದರೆ, ಇಲ್ಲದ ಮಗು ಎಲಿಮೆಂಟ್‌ನ ಹೆಸರಿಗೆ ಕಂಪೈಲ್ ಹಂತದಲ್ಲೇ ಎಚ್ಚರಿಕೆ ಸಿಗಬಹುದು. ಸ್ಯಾಕ್ಸನ್ ಎಂಬ ಪ್ರೊಸೆಸರ್‌ನಲ್ಲಿ ಈ ಸೌಲಭ್ಯಕ್ಕೆ ಹಣ ತೆತ್ತು ಎಂಟರ್‌ಪ್ರೈಸ್ ಆವೃತ್ತಿಯನ್ನೇ ಕೊಳ್ಳಬೇಕು.

ದಾಖಲೆ ನಾವು ಬರೆದ ನಿಯಮಗಳನ್ನು ಪಾಲಿಸುತ್ತದೆಯೇ ಎಂದು ಪರೀಕ್ಷಿಸುವ ಸ್ಕೀಮಾಟ್ರಾನ್‌ನಲ್ಲಿ ಅಪಾಯ ಇನ್ನೂ ಸೂಕ್ಷ್ಮ. ನಿಯಮದ ಕಾಂಟೆಕ್ಸ್ಟ್ (ಅದು ಎಲ್ಲಿ ಅನ್ವಯಿಸಬೇಕೆಂದು ಹೇಳುವ ಅಭಿವ್ಯಕ್ತಿ) ದಾಖಲೆಯ ಯಾವ ನೋಡ್‌ಗೂ ಹೊಂದದಿದ್ದರೆ ನಿಯಮ ಕೆಲಸವನ್ನೇ ಮಾಡುವುದಿಲ್ಲ, ವರದಿಯಲ್ಲಿ ಮಾತ್ರ ದೋಷವಿಲ್ಲವೆಂದೇ ಬರುತ್ತದೆ. ಹಾಗಾಗಿ ನಮ್ಮ ತಂಡದಲ್ಲಿ ಪ್ರತಿ ನಿಯಮಕ್ಕೂ ಬೇಕೆಂದೇ ಕೆಡಿಸಿದ ಒಂದು ಪುಟ್ಟ ದಾಖಲೆಯನ್ನು ಇಟ್ಟಿದ್ದೇವೆ. ಅದು ತೇರ್ಗಡೆಯಾದ ದಿನ ಬಿಲ್ಡ್ ಮುಂದೆ ಹೋಗುವುದಿಲ್ಲ.