ಕಲರ್ ನೆಗೆಟಿವ್ ಯಾಕೆ ಕಿತ್ತಳೆ? ಅದು ಫಿಲ್ಟರ್ ಅಲ್ಲ

ಪ್ರಶ್ನೆ: ಕಲರ್ ನೆಗೆಟಿವ್ ತೊಳೆದಾದ ಮೇಲೆ ಕಿತ್ತಳೆ ಬಣ್ಣ ಯಾಕೆ ಇರುತ್ತದೆ? ಬಿಸಿಲಿನ ಬಣ್ಣ ಸರಿ ಮಾಡಲು ಹಾಕಿದ ಫಿಲ್ಟರಾ ಅದು?

ಅಲ್ಲ. ಎಷ್ಟು ಸಲ ಹೇಳಿದರೂ ಈ ಫಿಲ್ಟರ್ ಕಥೆ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ.

ಕ್ಯಾಮೆರಾದಲ್ಲಿ ಬೆಳಕು ಮೊದಲು ಬೀಳುವುದು ಎಮಲ್ಷನ್ ಮೇಲೆ, ಅಂದರೆ ಚಿತ್ರ ಮೂಡುವ ಪದರದ ಮೇಲೆ, ಪ್ಲಾಸ್ಟಿಕ್ ತಳ ಇರುವುದು ಅದರ ಹಿಂದೆ. ತಳಕ್ಕೆ ಬಣ್ಣ ಬಳಿದಿದ್ದರೂ ಅದು ಮುಂದಿನಿಂದ ಬರುವ ಬೆಳಕನ್ನು ಸೋಸುವುದು ಹೇಗೆ ಸಾಧ್ಯ? ಬಿಸಿಲಿಗೋಸ್ಕರ ಅಂತಾದರೆ ಬಲ್ಬ್ ಬೆಳಕಿಗೆ ಮಾಡಿದ ಫಿಲ್ಮ್ ಬೇರೆ ಬಣ್ಣ ಇರಬೇಕಿತ್ತು ಅಲ್ವಾ? ಕೊಡಕ್ ವಿಷನ್3 ಎಂಬ ಸಿನಿಮಾ ನೆಗೆಟಿವ್ ಸರಣಿಯ 250ಡಿ ಹಗಲು ಬೆಳಕಿಗೆ, 500ಟಿ ಬಲ್ಬ್ ಬೆಳಕಿಗೆ. ತೊಳೆದ ಮೇಲೆ ಎರಡೂ ಕಿತ್ತಳೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಫಿಲ್ಟರ್ ಎಲ್ಲ ಕಡೆ ಒಂದೇ ಸಮ ಇರುತ್ತದೆ. ನೆಗೆಟಿವ್‌ನ ಕಿತ್ತಳೆ ಹಾಗಿಲ್ಲ! ಬೆಳಕು ಬೀಳದ ಜಾಗದಲ್ಲಿ ಅದು ಪೂರ್ತಿ ಇರುತ್ತದೆ, ಬೆಳಕು ಜಾಸ್ತಿ ಬಿದ್ದಲ್ಲಿ ಕಡಿಮೆಯಾಗುತ್ತದೆ. ಚಿತ್ರ ಮೂಡಿಸುವ ಬೇರೆ ಡೈಗಳ (ಬಣ್ಣದ ವಸ್ತುಗಳ) ನಡುವೆ ಕಣ್ಣಿಗೆ ಗೊತ್ತಾಗುವುದಿಲ್ಲ, ಅಷ್ಟೇ.

ಹಾಗಾದರೆ ಏನದು? ಫಿಲ್ಮಿನಲ್ಲಿ ಮೂರು ಡೈಗಳು ಹುಟ್ಟುತ್ತವೆ: ಹಳದಿ, ಮಜೆಂಟಾ, ಸಯಾನ್. ಮಜೆಂಟಾ ಹಸಿರು ಬೆಳಕನ್ನು ಮಾತ್ರ ತಡೆಯಬೇಕು. ಆದರೆ ನಿಜವಾದ ಮಜೆಂಟಾ ಡೈ ಸ್ವಲ್ಪ ನೀಲಿಯನ್ನೂ ತಡೆಯುತ್ತದೆ. ಸಯಾನ್ ಕೆಂಪಿನ ಜೊತೆ ಸ್ವಲ್ಪ ಹಸಿರು, ನೀಲಿಗಳನ್ನೂ ನುಂಗುತ್ತದೆ. ಹಾಗೇ ಬಿಟ್ಟರೆ ಪ್ರಿಂಟ್‌ನಲ್ಲಿ ಬಣ್ಣಗಳು ಮಂಕಾಗುತ್ತವೆ.

ಕೊಡಕ್‌ನ ವೆಸ್ಲಿ ಹ್ಯಾನ್ಸನ್ 1940ರ ದಶಕದಲ್ಲಿ ಇದಕ್ಕೆ ಹುಡುಕಿದ ದಾರಿ ನನಗೆ ಇವತ್ತಿಗೂ ಬೆರಗು. ಫಿಲ್ಮ್ ತೊಳೆಯುವಾಗ ಚಿತ್ರ ಮೂಡಿಸುವ ರಾಸಾಯನಿಕ, ಅಂದರೆ ಡೆವಲಪರ್ ಜೊತೆ ಸೇರಿ ಡೈ ಆಗುವ ವಸ್ತುವಿಗೆ ಕಪ್ಲರ್ ಎನ್ನುತ್ತಾರೆ. ಮಜೆಂಟಾ ಆಗಬೇಕಾದ ಕಪ್ಲರ್‌ಗೆ ಮೊದಲೇ ಹಳದಿ ಬಣ್ಣ ಇರುವ ಹಾಗೆ ಮಾಡಿದರು. ಮಜೆಂಟಾ ಹುಟ್ಟಿದ ಕಡೆ ಆ ಹಳದಿ ಹೋಗುತ್ತದೆ, ಹುಟ್ಟದ ಕಡೆ ಉಳಿಯುತ್ತದೆ. ಒಂದು ಕಡೆ ಮಜೆಂಟಾ ತನ್ನ ದೋಷದಿಂದ ನೀಲಿಯನ್ನು ತಡೆಯುತ್ತದೆ, ಇನ್ನೊಂದು ಕಡೆ ಉಳಿದ ಹಳದಿ ಅಷ್ಟೇ ನೀಲಿಯನ್ನು ತಡೆಯುತ್ತದೆ. ತಗ್ಗುದಿಣ್ಣೆ ನೆಲದ ತಗ್ಗುಗಳನ್ನು ತುಂಬಿ ಮಟ್ಟ ಮಾಡಿದ ಹಾಗೆ. ಸಯಾನ್ ಕಪ್ಲರ್‌ಗೂ ಇದೇ ಉಪಾಯ, ಅಲ್ಲಿ ಬಣ್ಣ ನಸುಗೆಂಪು. ಉಳಿದ ಹಳದಿ, ಉಳಿದ ನಸುಗೆಂಪು ಸೇರಿದರೆ ಕಿತ್ತಳೆ. ಅಂದರೆ ನೀವು ನೋಡುತ್ತಿರುವುದು ಡೈಗಳ ದೋಷವನ್ನು ಅಳಿಸುವ ಇನ್ನೊಂದು ತೆಳು ಚಿತ್ರ, ಅದೂ ಪಾಸಿಟಿವ್ ಚಿತ್ರ. ಇದಕ್ಕೇ ಮಾಸ್ಕ್ ಎನ್ನುವುದು.

ಈಗ ಸ್ಕ್ಯಾನ್ ಮಾಡುವವರಿಗೆ ಇದರ ಲಾಭ. ದೋಷ, ಮಾಸ್ಕ್ ಎರಡೂ ಸೇರಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದಲೇ ಫ್ರೇಮ್ ಪಕ್ಕದ ಖಾಲಿ ಅಂಚಿನ ಬಣ್ಣ ಅಳೆದು ಇಡೀ ಚಿತ್ರದಿಂದ ತೆಗೆಯಬಹುದು. ಹಾಗೆ ಮಾಡದೆ ಸುಮ್ನೆ ಇನ್ವರ್ಟ್ ಮಾಡಿದರೆ (ಬಣ್ಣಗಳನ್ನು ತಿರುವುಮುರುವು ಮಾಡಿದರೆ) ಚಿತ್ರ ನೀಲಿ ನೀಲಿಯಾಗುತ್ತದೆ. ಅದು ಫಿಲ್ಮಿನ ತಪ್ಪಲ್ಲ. ಸ್ಕ್ಯಾನ್ ಮಾಡುವಾಗ ಖಾಲಿ ಅಂಚು ಸ್ವಲ್ಪವಾದರೂ ಸೇರಲಿ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಸ್ಲೈಡ್ ಫಿಲ್ಮಿಗೆ ಈ ಮಾಸ್ಕ್ ಇಲ್ಲ, ಯಾಕೆಂದರೆ ಅದನ್ನು ನೇರವಾಗಿ ಕಣ್ಣಲ್ಲಿ ನೋಡುತ್ತೇವೆ, ಕಿತ್ತಳೆ ಇದ್ದರೆ ಇಡೀ ಚಿತ್ರ ಕೆಡುತ್ತದೆ. ಥಿಯೇಟರ್‌ಗೆ ಹೋಗುವ ಪ್ರಿಂಟ್‌ಗೂ ಅದೇ ಕಾರಣಕ್ಕೆ ಇಲ್ಲ. ಆದರೆ ಕ್ಯಾಮೆರಾ ನೆಗೆಟಿವ್‌ಗೂ ಆ ಪ್ರಿಂಟ್‌ಗೂ ನಡುವೆ ತೆಗೆಯುವ ಇಂಟರ್‌ಪಾಸಿಟಿವ್ ನೋಡಿ, ಚಿತ್ರ ಪಾಸಿಟಿವ್ ಆಗಿದ್ದರೂ ಅದು ಕಿತ್ತಳೆ. ಅದರಿಂದ ಮತ್ತೆ ನಕಲು ತೆಗೆಯಬೇಕು, ಪ್ರತಿ ನಕಲಿನಲ್ಲೂ ಡೈ ದೋಷ ಸೇರುತ್ತಾ ಹೋಗುತ್ತದೆ. ಅಲ್ಲಿ ಮಾಸ್ಕ್ ಬೇಕೇ ಬೇಕು.